ಪುಟಾಣಿ ರೈಲಿಗೆ ಯಾವ ಋತು?

ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಹೊಸ ಬಗೆಯ ಆಟಿಕೆ ರೈಲನ್ನು ಪ್ರದರ್ಶಿಸಿತು. ಕೀಲಿ ಕೊಟ್ಟರೆ ಓಡುವ ರೈಲು. ನಿಗದಿತ ಅಗಲದ ಹಳಿಗಳು. ತುಂಡಿಗೆ ತುಂಡು ಸೇರಿಸಿ ದಾರಿಯನ್ನು ಬೆಳೆಸಬಹುದಿತ್ತು. ಆದರೆ ಆಟಿಕೆ ರೈಲು ಓಡುತ್ತಿದ್ದುದು ಮನೆಯ ನೆಲದ ಮೇಲೆ. ಅಲ್ಲಿ ಮರವಿಲ್ಲ, ಹೊಲವಿಲ್ಲ. ಹಾಗಾಗಿ ಬೇಸಿಗೆಯೋ ಚಳಿಗಾಲವೋ ಎಂಬ ಪ್ರಶ್ನೆಯೂ ಇರಲಿಲ್ಲ.

ರೈಲಿನಷ್ಟೇ ಅದರ ಸುತ್ತಲಿನ ಊರೂ ಮುಖ್ಯವೆಂದು ತೋರಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಜಾನ್ ಅಹರ್ನ್ ಒಬ್ಬರು. 1930ರ ದಶಕದಲ್ಲಿ ಅವರು ಆರಂಭಿಸಿದ 'ಮ್ಯಾಡರ್ ವ್ಯಾಲಿ' ಮಾದರಿಯಲ್ಲಿ ಮನೆ, ಬೀದಿ, ಬಂದರುಗಳಿಗೂ ಸಮಾನ ಸ್ಥಾನವಿತ್ತು. 1925ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಇನ್ನೂ ಮುಂದೆ ಹೋದರು. 'ವೇಲ್ ಆಫ್ ವೈಟ್ ಹಾರ್ಸ್' ಎಂಬ ಸೀಮೆಯ ಹಳೆಯ ಹುಲ್ಲುಚಾವಣಿಯ ಮನೆಗಳು ಮರೆಯಾಗುತ್ತಿದ್ದುದನ್ನು ಕಂಡು, ಅವನ್ನು ಅಳೆದು ಮಾದರಿಯಲ್ಲಿ ಉಳಿಸಲು ನಿರ್ಧರಿಸಿದರು. ಲಾಂಗ್ ವಿಟ್ಟನ್‌ಹ್ಯಾಮ್ ಹಳ್ಳಿಯಲ್ಲಿ 1954ರಲ್ಲಿ ಪ್ರಾರಂಭವಾದ ಅವರ ಪೆಂಡನ್ ವಸ್ತುಸಂಗ್ರಹಾಲಯ 1930ರ ಆಸುಪಾಸಿನ ಗ್ರಾಮ ಜೀವನವನ್ನು ಚಿತ್ರಿಸುತ್ತದೆ. ಮ್ಯಾಡರ್ ವ್ಯಾಲಿಯೂ ಈಗ ಅಲ್ಲಿಯೇ ಇದೆ.

ಹೀಗೆ ಮಾದರಿಯು ದಾಖಲೆಯಾದೊಡನೆ ವರ್ಷದ ಜೊತೆಗೆ ಋತುವನ್ನೂ ಆಯ್ದುಕೊಳ್ಳಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಹಾಥಾರ್ನ್ ಬೇಲಿ ಬಿಳಿ ಹೂ ಬಿಡುವುದು ಮೇ ತಿಂಗಳಲ್ಲಿ. ಗೋಧಿ ಕೊಯ್ಲು ಆಗಸ್ಟಿನಲ್ಲಿ. ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸಿದರೆ ದಾಖಲೆ ಸುಳ್ಳಾಗುತ್ತದೆ.

ಋತುವೆಂದರೆ ಎಲೆಯ ಬಣ್ಣ ಮಾತ್ರವೆ? ಅಲ್ಲ. ಪೆಂಡನ್ ಇರುವುದು ಸುಮಾರು 51.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ನಡುಹಗಲಿನ ಸೂರ್ಯನ ಎತ್ತರ ಜೂನ್ 21ರ ಸುಮಾರಿಗೆ 62 ಡಿಗ್ರಿ. ಡಿಸೆಂಬರ್ 21ರ ಸುಮಾರಿಗೆ ಕೇವಲ 15 ಡಿಗ್ರಿ. 10 ಮೀಟರ್ ಎತ್ತರದ ಕಂಬದ ನೆರಳು ಬೇಸಿಗೆಯಲ್ಲಿ 5.3 ಮೀಟರ್, ಚಳಿಗಾಲದಲ್ಲಿ 37 ಮೀಟರ್. 1:76 ಪ್ರಮಾಣದ ಮಾದರಿಯಲ್ಲಿ ಆ ಕಂಬ 13 ಸೆಂಟಿಮೀಟರ್. ನೆರಳು 7 ಅಥವಾ 49 ಸೆಂಟಿಮೀಟರ್. ಆದ್ದರಿಂದ ದೀಪವನ್ನು ಎಲ್ಲಿ ಇಡಬೇಕೆಂಬುದನ್ನೂ ಋತುವೇ ನಿರ್ಧರಿಸುತ್ತದೆ. ಎಂಜಿನ್ನಿನ ಹಬೆಯೂ ಅಷ್ಟೆ: ತಣ್ಣನೆಯ ಗಾಳಿಯಲ್ಲಿ ಸಾಂದ್ರೀಕರಿಸಿ ದಟ್ಟ ಬಿಳಿ ಮೋಡವಾಗುತ್ತದೆ, ಬಿಸಿ ಒಣಹವೆಯಲ್ಲಿ ಬೇಗ ಕಾಣದಾಗುತ್ತದೆ.

ಋತುವಿನಂತೆ ದೃಶ್ಯದ ಭಾವವೂ ಮುಖ್ಯವೆಂದು ತೋರಿಸಿದವರು ಅಮೆರಿಕದ ಜಾನ್ ಅಲೆನ್. ಕ್ಯಾಲಿಫೋರ್ನಿಯದ ಮಾಂಟರೆಯಲ್ಲಿದ್ದ ಇವರು ವೃತ್ತಿಯಿಂದ ಛಾಯಾಗ್ರಾಹಕರು. ಬೆಳಕಿನ ಮರ್ಮ ಬಲ್ಲವರು. ಹೊಳೆಯುವ ಹೊಸ ಡಬ್ಬಿಗಳಿಗೆ ತುಕ್ಕು, ಮಸಿ, ಧೂಳಿನ ಬಣ್ಣ ಹಚ್ಚಿ, ದುಡಿದು ದಣಿದ ರೈಲುದಾರಿಯೊಂದನ್ನು 1:87 ಪ್ರಮಾಣದಲ್ಲಿ ರೂಪಿಸಿದರು. ಅವರು 1973ರ ಜನವರಿ 6ರಂದು ತೀರಿಕೊಂಡರು. ಅದೇ ತಿಂಗಳು ಮನೆಯಲ್ಲಿ ಬೆಂಕಿ ಬಿದ್ದು ಮಾದರಿಯ ಬಹುಭಾಗ ನಾಶವಾಯಿತು. ಅದು ಹೇಗಿತ್ತೆಂದು ಇಂದು ತಿಳಿಯುವುದು ಮುಖ್ಯವಾಗಿ ಅವರು ತೆಗೆದಿಟ್ಟ ಛಾಯಾಚಿತ್ರಗಳಿಂದ.

ಶಾಲೆಯ ವಿಜ್ಞಾನ ಮೇಳಕ್ಕೆ ತಮ್ಮ ಊರಿನ ಮಾದರಿ ಮಾಡುವ ವಿದ್ಯಾರ್ಥಿಗಳೂ ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಬಹುದು. ಆಗ ಗದ್ದೆಯಲ್ಲಿ ನಾಟಿಯೋ, ಕೊಯ್ಲೋ? ಕೆರೆಯಲ್ಲಿ ನೀರೆಷ್ಟು? ನಡುಹಗಲಿನ ನೆರಳು ಎಷ್ಟು ಉದ್ದ, ಯಾವ ದಿಕ್ಕಿಗೆ? ಬಣ್ಣದ ಡಬ್ಬಿ ತೆರೆಯುವ ಮುನ್ನ ಅಳತೆಪಟ್ಟಿ ಹಿಡಿದು ಊರು ಸುತ್ತಿ ಬಂದರೆ ಉತ್ತರಗಳು ಸಿಗುತ್ತವೆ.