ಮಾನಸಿಕ ಆರೋಗ್ಯ ವಿಮಾ ಸಮಾನತೆ

ಮನೋರೋಗ ಮತ್ತು ಮದ್ಯ-ಮಾದಕ ವ್ಯಸನದ ಚಿಕಿತ್ಸೆಗೆ ದೈಹಿಕ ಕಾಯಿಲೆಗಳಿಗೆ ಸಿಗುವಷ್ಟೇ ವಿಮಾ ರಕ್ಷಣೆ ಸಿಗಬೇಕು, ಒಂದೇ ಪಾಲಿಸಿಯೊಳಗೆ ಪಂಕ್ತಿಭೇದ ಕೂಡದು ಎಂಬ ಕಾನೂನು ತತ್ತ್ವ. ಇದು ರೂಪ ಪಡೆದದ್ದು ಮುಖ್ಯವಾಗಿ ಅಮೆರಿಕದಲ್ಲಿ, 1960ರ ದಶಕದಿಂದ ಈಚೆಗೆ. ದುಡಿಯುವ ವಯಸ್ಸಿನವರ ಆರೋಗ್ಯ ವಿಮೆ ಅಲ್ಲಿ ಬಹುಪಾಲು ನೌಕರಿಯ ಜೊತೆಗೇ ಬರುತ್ತದೆ. ಆದ್ದರಿಂದ ಯಾರಿಗೆ ಎಷ್ಟು ಚಿಕಿತ್ಸೆ ಎಂಬುದನ್ನು ವೈದ್ಯರಷ್ಟೇ ಪಾಲಿಸಿಯ ಷರತ್ತುಗಳೂ ತೀರ್ಮಾನಿಸುತ್ತವೆ. ಅಮೆರಿಕದ ಸಂಸತ್ತು ಒಂದು ಬಗೆಯ ಮಿತಿಯನ್ನು ನಿಷೇಧಿಸಿದಾಗಲೆಲ್ಲ ವಿಮಾ ಯೋಜನೆಗಳಲ್ಲಿ ಇನ್ನೊಂದು ಬಗೆಯ ಮಿತಿ ಕಾಣಿಸಿಕೊಂಡಿದೆ. ಈ ವಿಷಯದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಹಗ್ಗಜಗ್ಗಾಟವೇ.

ಹಿನ್ನೆಲೆ

ಎರಡನೇ ಮಹಾಯುದ್ಧದ ನಂತರ ಖಾಸಗಿ ವಿಮೆ ಹಬ್ಬುವ ವೇಳೆಗೆ, ಮನೋರೋಗಿಗಳನ್ನು ನೋಡಿಕೊಳ್ಳುವುದು ರಾಜ್ಯ ಸರ್ಕಾರಗಳ ಕೆಲಸವೆಂಬ ಭಾವನೆ ಅಮೆರಿಕದಲ್ಲಿ ಬೇರೂರಿತ್ತು. 1955ರಲ್ಲಿ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.5 ಲಕ್ಷ ರೋಗಿಗಳಿದ್ದರು. ಸರ್ಕಾರ ಹೇಗೂ ನೋಡಿಕೊಳ್ಳುತ್ತದೆ, ನಾವೇಕೆ ಹಣ ಕೊಡಬೇಕು ಎಂಬುದು ಕಂಪನಿಗಳ ವಾದ. ಅದರ ಜೊತೆಗೆ ಇನ್ನೆರಡು ಭಯಗಳಿದ್ದವು. ಉದಾರವಾಗಿ ಕೊಡುವ ಕಂಪನಿಯ ಬಾಗಿಲಿಗೇ ರೋಗಿಗಳೆಲ್ಲ ಬಂದು ನಿಲ್ಲುತ್ತಾರೆ ಎಂಬುದು ಒಂದು. ಮನಸ್ಸಿನ ಚಿಕಿತ್ಸೆ ಎಲ್ಲಿಗೆ ಮುಗಿಯುತ್ತದೆಂದು ಹೇಳಲಾಗದು ಎಂಬುದು ಮತ್ತೊಂದು.

1963ರ ಅಕ್ಟೋಬರ್ 31ರಂದು ಅಧ್ಯಕ್ಷ ಜಾನ್ ಎಫ್. ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯಿದೆಗೆ ಸಹಿ ಹಾಕಿದರು. ಆಮೇಲಿನ ದಶಕಗಳಲ್ಲಿ ದೊಡ್ಡ ಆಸ್ಪತ್ರೆಗಳು ಖಾಲಿಯಾಗುತ್ತ ಬಂದವು. ರೋಗಿಗಳು ಊರಿಗೆ ಮರಳಿದರು. ಚಿಕಿತ್ಸೆಯ ಹಣ ಅವರ ಜೊತೆ ಬರಲಿಲ್ಲ. 1965ರಲ್ಲಿ ಬಂದ ಸರ್ಕಾರಿ ವಿಮೆಗಳಲ್ಲೂ ಭೇದ ಇತ್ತು. ಹಿರಿಯರ ಮೆಡಿಕೇರ್‌ನಲ್ಲಿ ಮನೋರೋಗದ ಹೊರರೋಗಿ ಬಹುಕಾಲ ವೆಚ್ಚದ ಅರ್ಧ ಭಾಗವನ್ನು ತಾನೇ ತೆರಬೇಕಿತ್ತು. ಬೇರೆ ಕಾಯಿಲೆಯವರಿಗೆ ಅದು ಶೇ. 20. ಈ ಅಂತರ ಪೂರ್ತಿ ಹೋದದ್ದು 2014ರಲ್ಲಿ. ಮಾನಸಿಕ ಆಸ್ಪತ್ರೆಯಲ್ಲಿ ಜೀವಮಾನಕ್ಕೆ 190 ದಿನ ಎಂಬ ಮೆಡಿಕೇರ್ ಮಿತಿ ಇನ್ನೂ ಹೋಗಿಲ್ಲ.

ಸಮಾನತೆಯ ಮೊದಲ ಪ್ರಯೋಗ ನಡೆದದ್ದು ಒಕ್ಕೂಟ ಸರ್ಕಾರದ ನೌಕರರ ವಿಮೆಯಲ್ಲಿ. ಕೆನಡಿ 1961ರಲ್ಲೇ ಅದಕ್ಕೆ ಸೂಚನೆ ಕೊಟ್ಟಿದ್ದರು. 1967ರಲ್ಲಿ ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ಮತ್ತು ಏಟ್ನಾ ಯೋಜನೆಗಳು ಈ ನೌಕರರಿಗೆ ಸಮಾನ ರಕ್ಷಣೆ ಕೊಟ್ಟವು. ಆದರೆ ಖರ್ಚನ್ನು ಮುಂಚಿತವಾಗಿ ಅಂದಾಜು ಮಾಡಲಾಗದು ಎಂಬ ಕಾರಣ ಕೊಟ್ಟು 1975ರಲ್ಲಿ ಏಟ್ನಾ ವರ್ಷಕ್ಕೆ 20 ಹೊರರೋಗಿ ಭೇಟಿ, 40 ಆಸ್ಪತ್ರೆ ದಿನಗಳಿಗೆ ಇಳಿಯಿತು. ಕೆಲವು ವರ್ಷಗಳಲ್ಲಿ ಇನ್ನೊಂದು ಯೋಜನೆಯೂ ಹಿಂದೆ ಸರಿಯಿತು. 1990ರ ದಶಕದ ಮಾಮೂಲಿ ಪಾಲಿಸಿಯಲ್ಲಿ ಮನೋರೋಗಕ್ಕೆ ವರ್ಷಕ್ಕೆ 30 ದಿನ ಆಸ್ಪತ್ರೆವಾಸ, 20 ಭೇಟಿ. ಜೀವಮಾನದ ಮಿತಿ ಎಷ್ಟೋ ಕಡೆ 50,000 ಡಾಲರ್. ಅದೇ ಪಾಲಿಸಿಯಲ್ಲಿ ಹೃದ್ರೋಗಿಗೆ 10 ಲಕ್ಷ ಡಾಲರ್ ಇರುತ್ತಿತ್ತು.

ವ್ಯಸನದ ಕಥೆ ತುಸು ಬೇರೆ ದಾರಿಯಲ್ಲಿ ಬಂತು. ಅಮೆರಿಕದ ವೈದ್ಯ ಸಂಘವು ಮದ್ಯವ್ಯಸನವನ್ನು ಕಾಯಿಲೆಯೆಂದು ಒಪ್ಪಿದ್ದು 1956ರಲ್ಲಿ. ಕುಡಿತ ಬಿಟ್ಟು ಎದ್ದುಬಂದಿದ್ದ ಅಯೋವಾದ ಸೆನೆಟರ್ ಹೆರಾಲ್ಡ್ ಹ್ಯೂಸ್ ಅವರ ಪ್ರಯತ್ನದಿಂದ 1970ರಲ್ಲಿ ಮದ್ಯವ್ಯಸನದ ತಡೆ ಹಾಗೂ ಚಿಕಿತ್ಸೆಗಾಗಿ ರಾಷ್ಟ್ರೀಯ ಕಾಯಿದೆ ಬಂತು. ಹಲವು ರಾಜ್ಯಗಳು ಪಾಲಿಸಿಗಳಲ್ಲಿ ವ್ಯಸನ ಚಿಕಿತ್ಸೆ ಇರಬೇಕೆಂದು ಕಾನೂನು ಮಾಡಿದವು. ಆದರೆ 1974ರ ಉದ್ಯೋಗಿ ಸವಲತ್ತು ಕಾಯಿದೆಯ ಕಾರಣ, ತಾವೇ ಹಣ ತೆಗೆದಿಟ್ಟು ವಿಮೆ ನಡೆಸುವ ದೊಡ್ಡ ಸಂಸ್ಥೆಗಳಿಗೆ ರಾಜ್ಯದ ವಿಮಾ ಕಾನೂನು ತಾಗುವುದಿಲ್ಲ. ದೊಡ್ಡ ಕಾರ್ಖಾನೆಯ ಕಾರ್ಮಿಕನಿಗೆ ರಾಜ್ಯದ ಕಾಯಿದೆಯಿಂದ ಏನೂ ದಕ್ಕದೆ ಹೋದದ್ದು ಇದರಿಂದ.

1996ರ ಕಾಯಿದೆ

ಈ ಹೋರಾಟವನ್ನು ಮುಂದಕ್ಕೆ ತಂದವರು ಅರ್ಥಶಾಸ್ತ್ರಜ್ಞರಲ್ಲ, ಮನೆಯಲ್ಲಿ ಕಾಯಿಲೆ ಕಂಡ ರಾಜಕಾರಣಿಗಳು. ನ್ಯೂ ಮೆಕ್ಸಿಕೋದ ಸೆನೆಟರ್ ಪೀಟ್ ಡೊಮೆನಿಚಿ ಖರ್ಚಿನಲ್ಲಿ ಬಿಗಿಹಿಡಿತದ ರಿಪಬ್ಲಿಕನ್. ಅವರ ಮಗಳಿಗೆ ಸ್ಕಿಜೋಫ್ರೀನಿಯಾ ಇತ್ತು. ಮಿನೆಸೋಟದ ಸೆನೆಟರ್ ಪಾಲ್ ವೆಲ್‌ಸ್ಟೋನ್ ಡೆಮಾಕ್ರಟಿಕ್ ಪಕ್ಷದ ಕಟ್ಟಾ ಎಡಪಂಥೀಯ. ಅಣ್ಣನ ಮನೋರೋಗದ ಆಸ್ಪತ್ರೆ ಖರ್ಚಿನ ಭಾರವನ್ನು ಅವರು ಎಳೆಯ ವಯಸ್ಸಿನಲ್ಲೇ ಕಂಡಿದ್ದರು. ಬೇರೆ ಯಾವ ವಿಷಯದಲ್ಲೂ ಹೊಂದದ ಈ ಇಬ್ಬರು ಇಲ್ಲಿ ಜೊತೆಯಾದರು. 1996ರ ಏಪ್ರಿಲ್‌ನಲ್ಲಿ ಪೂರ್ಣ ಸಮಾನತೆಯ ತಿದ್ದುಪಡಿಯನ್ನು ಸೆನೆಟ್ 68-30 ಮತಗಳಿಂದ ಒಪ್ಪಿತು. ಉದ್ಯಮಿಗಳ ಒತ್ತಡಕ್ಕೆ ಉಭಯ ಸದನಗಳ ಸಮಿತಿಯಲ್ಲಿ ಅದು ಬಿದ್ದುಹೋಯಿತು. ಉಳಿದ ಚೂರನ್ನು ಒಂದು ಧನವಿನಿಯೋಗ ಮಸೂದೆಗೆ ಅಂಟಿಸಲಾಯಿತು. ಸೆಪ್ಟೆಂಬರ್ 26ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದರು.

1998ರ ಜನವರಿಯಿಂದ ಜಾರಿಯಾದ ಈ ಕಾಯಿದೆ ನಿಷೇಧಿಸಿದ್ದು ಒಂದನ್ನೇ: ಡಾಲರ್ ಲೆಕ್ಕದ ವಾರ್ಷಿಕ ಮತ್ತು ಜೀವಮಾನದ ಮಿತಿಗಳಲ್ಲಿನ ಭೇದ. ವ್ಯಸನವನ್ನು ಅದು ಮುಟ್ಟಲಿಲ್ಲ. 50 ಅಥವಾ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ, ಹಾಗೆಯೇ ಖರ್ಚು ಶೇ. 1ರಷ್ಟು ಏರುತ್ತದೆಂದು ತೋರಿಸಿದವರಿಗೆ ವಿನಾಯಿತಿ ಸಿಕ್ಕಿತು. ಸರ್ಕಾರ ಚಾಪೆಯ ಕೆಳಗೆ ನುಸುಳಿತು, ಯೋಜನೆಗಳು ರಂಗೋಲಿಯ ಕೆಳಗೆ. ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2000ದಲ್ಲಿ ಕೊಟ್ಟ ವರದಿಯಂತೆ, ಕಾಯಿದೆ ಪಾಲಿಸಿದ ಯೋಜನೆಗಳಲ್ಲಿ ಶೇ. 87ರಷ್ಟು ಇನ್ನೊಂದು ರೂಪದಲ್ಲಿ ಮನೋರೋಗಕ್ಕೆ ಹೆಚ್ಚಿನ ಬಿಗಿಯನ್ನೇ ಇಟ್ಟುಕೊಂಡಿದ್ದವು. ಡಾಲರಿನ ಜಾಗಕ್ಕೆ ದಿನ ಮತ್ತು ಭೇಟಿಗಳ ಎಣಿಕೆ ಬಂದಿತ್ತು.

ಖರ್ಚಿನ ಹೆದರಿಕೆಗೆ ಉತ್ತರ ಸಿಕ್ಕಿದ್ದು ಮತ್ತೆ ಸರ್ಕಾರಿ ನೌಕರರಿಂದಲೇ. 1999ರಲ್ಲಿ ಶ್ವೇತಭವನದ ಮಾನಸಿಕ ಆರೋಗ್ಯ ಸಮಾವೇಶದಲ್ಲಿ ಕ್ಲಿಂಟನ್ ಘೋಷಿಸಿದಂತೆ 2001ರಿಂದ ಆ ಯೋಜನೆಗೆ ಮನೋರೋಗ, ವ್ಯಸನ ಎರಡರಲ್ಲೂ ಸಮಾನತೆ ಬಂತು. ಹವರ್ಡ್ ಗೋಲ್ಡ್‌ಮನ್ ಮತ್ತು ಸಂಗಡಿಗರು ಇದರ ಪರಿಣಾಮ ಅಳೆದು 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು: ಚಿಕಿತ್ಸೆಯ ನಿರ್ವಹಣೆ ಸರಿಯಿದ್ದರೆ ಸಮಾನತೆಯಿಂದ ಒಟ್ಟು ಖರ್ಚು ಗಣನೀಯವಾಗಿ ಏರುವುದಿಲ್ಲ. ಹಳೆಯ ಅಂಜಿಕೆಗೆ ಇಷ್ಟು ಗಟ್ಟಿ ಉತ್ತರ ಅದುವರೆಗೆ ಸಿಕ್ಕಿರಲಿಲ್ಲ.

2008: ಬ್ಯಾಂಕುಗಳ ಜೊತೆಗೆ ಪಾರಾದ ಮಸೂದೆ

2002ರ ಅಕ್ಟೋಬರ್ 25ರಂದು ವೆಲ್‌ಸ್ಟೋನ್, ಅವರ ಪತ್ನಿ, ಮಗಳು ಮಿನೆಸೋಟದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಪ್ರತಿನಿಧಿ ಸಭೆಯಲ್ಲಿ ಕೆಲಸ ಮುಂದುವರಿಸಿದ ಜೋಡಿಯೂ ವಿಚಿತ್ರವೇ. ರೋಡ್ ಐಲೆಂಡ್‌ನ ಪ್ಯಾಟ್ರಿಕ್ ಕೆನಡಿ 2006ರ ಮೇ ತಿಂಗಳಲ್ಲಿ ಸಂಸತ್ ಭವನದ ಹತ್ತಿರವೇ ಕಾರು ಗುದ್ದಿಸಿ, ಬೈಪೋಲಾರ್ ಕಾಯಿಲೆ ಮತ್ತು ಔಷಧಿ ವ್ಯಸನವನ್ನು ಬಹಿರಂಗವಾಗಿ ಒಪ್ಪಿಕೊಂಡವರು. ಮಿನೆಸೋಟದ ರಿಪಬ್ಲಿಕನ್ ಜಿಮ್ ರಾಮ್‌ಸ್ಟಾಡ್ 1981ರಲ್ಲಿ ಕುಡಿತದ ಅಮಲಿಳಿದಾಗ ಜೈಲಿನಲ್ಲಿ ಕಣ್ಣುಬಿಟ್ಟು, ಅಂದಿನಿಂದ ಕುಡಿತ ಬಿಟ್ಟವರು. ಕೆನಡಿ ಚೇತರಿಸಿಕೊಳ್ಳುವಾಗ ಎದುರು ಪಕ್ಷದ ರಾಮ್‌ಸ್ಟಾಡ್ ಅವರೇ ಮಾರ್ಗದರ್ಶಿಯಾಗಿ ನಿಂತರು.

2008ರ ಮಾರ್ಚ್ 5ರಂದು ಅವರ ಮಸೂದೆ 268-148 ಮತಗಳಿಂದ ಗೆದ್ದಿತು. ಪ್ಯಾಟ್ರಿಕ್‌ನ ತಂದೆ ಟೆಡ್ ಕೆನಡಿ ಹಾಗೂ ಡೊಮೆನಿಚಿ ಸೆನೆಟ್‌ನಲ್ಲಿ ಪಾಸು ಮಾಡಿಸಿದ್ದ ಮಸೂದೆ ಇಷ್ಟು ವಿಶಾಲವಾಗಿರಲಿಲ್ಲ. ಕಂಪನಿಗಳು ಒಪ್ಪಿದ್ದು ಅದನ್ನೇ. ತಂದೆ-ಮಗನ ಮಸೂದೆಗಳ ನಡುವೆ ತಿಂಗಳುಗಟ್ಟಲೆ ಜಗ್ಗಾಟ ನಡೆದು ರಾಜಿಯಾಗುವ ಹೊತ್ತಿಗೆ ಹಣಕಾಸು ಮಾರುಕಟ್ಟೆ ಕುಸಿದಿತ್ತು. ಬ್ಯಾಂಕುಗಳನ್ನು ಉಳಿಸುವ 700 ಶತಕೋಟಿ ಡಾಲರ್ ಮಸೂದೆಯನ್ನು ಪ್ರತಿನಿಧಿ ಸಭೆ ಸೆಪ್ಟೆಂಬರ್ 29ರಂದು ತಿರಸ್ಕರಿಸಿದಾಗ, ಸೆನೆಟ್ ಅದಕ್ಕೆ ಇನ್ನಷ್ಟು ಅಂಶಗಳನ್ನು ಪೋಣಿಸಿ ಮರಳಿಸಿತು. ವಿಮಾ ಸಮಾನತೆ ಅವುಗಳಲ್ಲೊಂದು. ಅಕ್ಟೋಬರ್ 3ರಂದು 263-171 ಮತಗಳಿಂದ ಅದು ಪಾಸಾಗಿ, ಅಂದೇ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಬಿತ್ತು. ಅರ್ಧ ಶತಮಾನದ ಬೇಡಿಕೆ ವಾಲ್ ಸ್ಟ್ರೀಟ್ ಪರಿಹಾರದ ಬಾಲ ಹಿಡಿದು ದಡ ಸೇರಿತೆಂದರೆ ಅಮೆರಿಕದ ಶಾಸನ ಪ್ರಕ್ರಿಯೆ ಬಲ್ಲವರಿಗೆ ಆಶ್ಚರ್ಯವಾಗದು.

ವೆಲ್‌ಸ್ಟೋನ್ ಮತ್ತು ಡೊಮೆನಿಚಿ ಹೆಸರು ಹೊತ್ತ ಈ ಕಾಯಿದೆ ವ್ಯಸನವನ್ನೂ ಒಳಗೆ ತಂದಿತು. ಸಹಪಾವತಿ, ಭೇಟಿಗಳ ಸಂಖ್ಯೆ, ಆಸ್ಪತ್ರೆಯ ದಿನಗಳು ಯಾವುದರಲ್ಲೂ ಭೇದ ಸಲ್ಲದು. ಆದರೆ ಮನೋರೋಗಕ್ಕೆ ರಕ್ಷಣೆ ಕೊಡಲೇಬೇಕೆಂದು ಅದು ಹೇಳಲಿಲ್ಲ. ಕೊಟ್ಟರೆ ಸಮನಾಗಿ ಕೊಡಿ ಎಂದಿತು. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಬರಾಕ್ ಒಬಾಮ ಅವಧಿಯ 2010ರ ಆರೋಗ್ಯ ಸುಧಾರಣಾ ಕಾಯಿದೆ. 2014ರಿಂದ ವೈಯಕ್ತಿಕ ಮತ್ತು ಸಣ್ಣ ಸಂಸ್ಥೆಗಳ ಪಾಲಿಸಿಗಳಲ್ಲಿ ಮನೋರೋಗ-ವ್ಯಸನ ಚಿಕಿತ್ಸೆ ಕಡ್ಡಾಯವಾಯಿತು. 2008ರ ಕಾಯಿದೆಯ ಅಂತಿಮ ನಿಯಮಗಳು ಬಂದದ್ದು 2013ರ ನವೆಂಬರ್‌ನಲ್ಲಿ, ಕಾಯಿದೆಯಾಗಿ ಐದು ವರ್ಷದ ಮೇಲೆ.

ಎಣಿಕೆಗೆ ಸಿಗದ ಮಿತಿಗಳು

ಅಂಕಿಯಲ್ಲಿದ್ದ ಭೇದ ಹೋದದ್ದು ನಿಜ. ಉಳಿದದ್ದು ಅಂಕಿಗೆ ಸಿಗದ್ದು: ಚಿಕಿತ್ಸೆಗೆ ಮುನ್ನ ಕಂಪನಿಯ ಅನುಮತಿ, 'ವೈದ್ಯಕೀಯವಾಗಿ ಅಗತ್ಯವಿಲ್ಲ' ಎಂಬ ಷರಾ, ಕಂಪನಿಯ ವೈದ್ಯರ ಪಟ್ಟಿಯಲ್ಲಿದ್ದೂ ಹೊಸ ರೋಗಿಗಳನ್ನು ನೋಡದವರು. ಮನೋವೈದ್ಯರಿಗೆ ಕಂಪನಿಗಳು ಕೊಡುವ ದರ ಕಡಿಮೆಯಾದ್ದರಿಂದ ಅನೇಕರು ಪಟ್ಟಿ ಸೇರುವುದೇ ಇಲ್ಲ. ಮಿಲಿಮನ್ ಸಂಸ್ಥೆಯ ಅಧ್ಯಯನದಂತೆ 2017ರಲ್ಲಿ ಮನೋರೋಗಿಗಳು ಪಟ್ಟಿಯಾಚೆಯ ವೈದ್ಯರ ಬಳಿ ಹೋಗಬೇಕಾದ ಪ್ರಮಾಣ ಉಳಿದವರದಕ್ಕಿಂತ ಐದು ಪಟ್ಟಿಗೂ ಹೆಚ್ಚು.

ಇಷ್ಟರಲ್ಲಿ ಓಪಿಯಾಯ್ಡ್ ಮಾದಕಗಳ ಪಿಡುಗು ಹಬ್ಬಿತ್ತು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ (ಸರ್ಜನ್ ಜನರಲ್) ಆಗಿದ್ದಾಗ, 2016ರ ನವೆಂಬರ್‌ನಲ್ಲಿ ವ್ಯಸನದ ಬಗ್ಗೆ ಆ ಹುದ್ದೆಯಿಂದ ಬಂದ ಮೊತ್ತಮೊದಲ ವರದಿಯನ್ನು ಹೊರತಂದರು. ವ್ಯಸನವು ಮಿದುಳಿನ ದೀರ್ಘಕಾಲಿಕ ಕಾಯಿಲೆಯೇ ಹೊರತು ನಡತೆಯ ದೋಷವಲ್ಲ, ಅದಕ್ಕೆ ತುತ್ತಾದ 10 ಜನರಲ್ಲಿ ಒಬ್ಬರಿಗಷ್ಟೇ ವಿಶೇಷ ಚಿಕಿತ್ಸೆ ಸಿಗುತ್ತಿದೆ ಎಂದು ಅದು ಹೇಳಿತು. 2021ರಲ್ಲಿ ಮಾದಕದ ಅತಿಸೇವನೆಯಿಂದ ಸತ್ತವರು 1 ಲಕ್ಷ ದಾಟಿದರು.

ನ್ಯಾಯಾಲಯದ ದಾರಿ ಅಷ್ಟೇನೂ ನೆರವಾಗಲಿಲ್ಲ. ಯುನೈಟೆಡ್ ಬಿಹೇವಿಯರಲ್ ಹೆಲ್ತ್ ಕಂಪನಿಯು ವೈದ್ಯಕೀಯ ಮಾನದಂಡಗಳಿಗಿಂತ ತನ್ನ ಖರ್ಚಿನ ಲೆಕ್ಕಕ್ಕೆ ಒತ್ತು ಕೊಟ್ಟಿತೆಂದು ಕ್ಯಾಲಿಫೋರ್ನಿಯಾದ ಒಕ್ಕೂಟ ನ್ಯಾಯಾಲಯ 2019ರಲ್ಲಿ ತೀರ್ಪಿತ್ತು, ಮರುವರ್ಷ ಸುಮಾರು 67,000 ಕ್ಲೇಮುಗಳನ್ನು ಮತ್ತೆ ಪರಿಶೀಲಿಸಲು ಆದೇಶಿಸಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2020ರ ಕೊನೆಯಲ್ಲಿ ಸಂಸತ್ತು, ಅಂಕಿಗೆ ಸಿಗದ ಮಿತಿಗಳೂ ಸಮವಾಗಿವೆಯೆಂದು ಯೋಜನೆಗಳೇ ಬರಹದಲ್ಲಿ ತೋರಿಸಬೇಕೆಂದು ವಿಧಿಸಿತು. ಮೊದಲ ಸುತ್ತಿನಲ್ಲಿ ಬಂದ ವಿವರಣೆಗಳಲ್ಲಿ ಒಂದೂ ಸಾಕಷ್ಟಿರಲಿಲ್ಲ ಎಂದು ಕಾರ್ಮಿಕ ಇಲಾಖೆ ಮುಂತಾದವು 2022ರಲ್ಲಿ ವರದಿ ಮಾಡಿದವು. 2024ರ ಸೆಪ್ಟೆಂಬರ್‌ನಲ್ಲಿ ಜೋ ಬೈಡನ್ ಸರ್ಕಾರ ನಿಯಮಗಳನ್ನು ಬಿಗಿಗೊಳಿಸಿತು. ದೊಡ್ಡ ಉದ್ಯೋಗದಾತರ ಸಂಘ ಕೋರ್ಟಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಆ ಹೊಸ ಭಾಗಗಳನ್ನು ಸದ್ಯ ಜಾರಿಗೊಳಿಸುವುದಿಲ್ಲ ಎಂದಿತು. 2008ರ ಮೂಲ ಕಾಯಿದೆ ಉಳಿದಿದೆ.

ಭಾರತದಲ್ಲಿ

ಭಾರತ ಈ ತತ್ತ್ವವನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡಿತು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆಯ 21(4)ನೇ ಕಲಮು, ದೈಹಿಕ ಕಾಯಿಲೆಗಳಿಗೆ ಇರುವ ಆಧಾರದ ಮೇಲೆಯೇ ಮನೋರೋಗಕ್ಕೂ ಪ್ರತಿ ವಿಮಾ ಕಂಪನಿ ವಿಮೆ ಒದಗಿಸಬೇಕು ಎನ್ನುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟ್ 16ರಂದು ಸುತ್ತೋಲೆ ಹೊರಡಿಸಿತು. ಪಾಲಿಸಿಗಳು ಬದಲಾಗಲಿಲ್ಲ. ಮಹಿಳೆಯೊಬ್ಬರ ಮನೋರೋಗ ಚಿಕಿತ್ಸೆಯ ಕ್ಲೇಮನ್ನು ಸಾರ್ವಜನಿಕ ವಲಯದ ಕಂಪನಿಯೊಂದು ನಿರಾಕರಿಸಿದಾಗ, ದೆಹಲಿ ಹೈಕೋರ್ಟ್‌ನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ 2021ರ ಏಪ್ರಿಲ್‌ನಲ್ಲಿ, ಕಾಯಿದೆ ಜಾರಿಯಾದ ದಿನದಿಂದಲೇ ಕಂಪನಿಗಳು ಅದಕ್ಕೆ ಬದ್ಧ ಎಂದು ತೀರ್ಪಿತ್ತರು. ಎಲ್ಲ ಪಾಲಿಸಿಗಳನ್ನೂ ಸರಿಪಡಿಸಲು ಪ್ರಾಧಿಕಾರ ಗಡುವು ಕೊಟ್ಟದ್ದು 2022ರ ಅಕ್ಟೋಬರ್ 31.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ಚಿಕಿತ್ಸೆ ಸಿಗದವರ ಪ್ರಮಾಣ ಮದ್ಯವ್ಯಸನದಲ್ಲಿ ಶೇ. 86ರಷ್ಟಿದೆ ಎಂದು ತೋರಿಸಿತ್ತು. ವಿಮೆ ಕೈಬಿಟ್ಟದ್ದೂ ಅದನ್ನೇ. ಮದ್ಯ-ಮಾದಕಗಳಿಂದಾಗುವ ಮಾನಸಿಕ ಸ್ಥಿತಿಗಳನ್ನು ಕಾಯಿದೆಯ ವ್ಯಾಖ್ಯೆ ಮನೋರೋಗವೆಂದೇ ಪರಿಗಣಿಸುತ್ತದೆ. ಆದರೆ ಪ್ರಾಧಿಕಾರವೇ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ 12ನೇ ಸಂಕೇತ ಕುಡಿತ, ಮಾದಕ ಮತ್ತು ಯಾವುದೇ ವ್ಯಸನದ ಚಿಕಿತ್ಸೆಯದ್ದು. ಕಾಯಿದೆ ಮತ್ತು ಈ ಪಟ್ಟಿ ಒಂದಕ್ಕೊಂದು ಹೊಂದುವುದಿಲ್ಲ, ಮಣಿಯಬೇಕಾದದ್ದು ಪಟ್ಟಿಯೇ. ಇನ್ನು ನಮ್ಮ ಪಾಲಿಸಿಗಳು ಹೆಚ್ಚಾಗಿ ಆಸ್ಪತ್ರೆ ಸೇರಿದವರಿಗೆ ಹಣ ಕೊಡುತ್ತವೆ, ಮನೋರೋಗಿಗಳಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಹೊರರೋಗಿ ಚಿಕಿತ್ಸೆ, ಮಾತ್ರೆ, ಆಪ್ತಸಮಾಲೋಚನೆ. ಮನೋರೋಗದ ಕಾರಣ ಕೊಟ್ಟು ಕ್ಲೇಮು ತಿರಸ್ಕರಿಸಿದರೆ, ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಅಲ್ಲಿ ನ್ಯಾಯ ಸಿಗದಿದ್ದಾಗ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.