ವಸ್ತುವಿನ ಹಿಂದೆ ನಿಂತವರು

ಕರಕುಶಲ ಮೇಳಕ್ಕೆ ಹೋದರೆ ನಾವು ವಸ್ತುವನ್ನು ಕೈಗೆತ್ತಿಕೊಂಡು ನೋಡುತ್ತೇವೆ, ಬೆಲೆ ಕೇಳುತ್ತೇವೆ, ಒಂದಿಷ್ಟು ಚೌಕಾಸಿ ಮಾಡಿ ಕೊಳ್ಳುತ್ತೇವೆ. ಮಳಿಗೆಯಲ್ಲಿ ಕುಳಿತವರೇ ಅದನ್ನು ಮಾಡಿದವರು ಎಂಬುದು ನಮಗೆ ಸಹಜವೆನಿಸಿಬಿಟ್ಟಿದೆ. ಆದರೆ ದೊಡ್ಡ ಪ್ರದರ್ಶನಗಳ ಇತಿಹಾಸದಲ್ಲಿ ಇದು ತೀರಾ ಈಚಿನ ಮಾತು.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ಮಹಾಪ್ರದರ್ಶನ ನಡೆಸಲಾಯಿತು. ಭಾರತದ ವಿಭಾಗವನ್ನು ಅಣಿಗೊಳಿಸಿದ್ದು ಈಸ್ಟ್ ಇಂಡಿಯಾ ಕಂಪೆನಿ. ಕೊಹಿನೂರ್ ವಜ್ರ ನೋಡಲು ಜನ ಮುಗಿಬಿದ್ದರು. ಕಾಶ್ಮೀರದ ಶಾಲುಗಳು, ಢಾಕಾದ ಮಸ್ಲಿನ್, ನಮ್ಮ ಬಿದರಿ ಪಾತ್ರೆಗಳೂ ಅಲ್ಲಿದ್ದವು. ಢಾಕಾದ ನೇಯ್ಗೆಯನ್ನು ಇಂಗ್ಲೆಂಡಿನ ಗಿರಣಿಗಳು ಅಷ್ಟರಲ್ಲಾಗಲೇ ಮೂಲೆಗುಂಪು ಮಾಡಿದ್ದವು ಎಂಬುದನ್ನು ನೆನೆದರೆ ಈ ಮೆಚ್ಚುಗೆಯ ಬೆಲೆ ತಿಳಿಯುತ್ತದೆ. ವಸ್ತು ಕಡಲು ದಾಟಿತು. ಮಾಡಿದವನು ಊರಲ್ಲೇ ಉಳಿದ.

1886ರಲ್ಲಿ ಮಾಡುವವರನ್ನೂ ಕರೆದೊಯ್ದರು. ಆ ವರ್ಷ ಲಂಡನ್ನಿನಲ್ಲಿ ನಡೆದ ವಸಾಹತು ಮತ್ತು ಭಾರತೀಯ ಪ್ರದರ್ಶನಕ್ಕೆ ಐವತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಅಲ್ಲಿ ಭಾರತದ ಮೂವತ್ತಕ್ಕೂ ಹೆಚ್ಚು ಕುಶಲಕರ್ಮಿಗಳು ಜನರ ಕಣ್ಣೆದುರೇ ಜಮಖಾನ ನೇಯುತ್ತ, ಮಡಕೆ ಮಾಡುತ್ತ ಕುಳಿತಿದ್ದರು. ಅರಮನೆಗಳ ಅಂಗಳದಲ್ಲಿ ವಂಶಪಾರಂಪರ್ಯವಾಗಿ ದುಡಿದವರೆಂಬಂತೆ ಅವರನ್ನು ತೋರಿಸಲಾಯಿತು. ನಿಜವೇನೆಂದರೆ ಅವರಲ್ಲಿ ಬಹಳಷ್ಟು ಮಂದಿ ಆಗ್ರಾ ಜೈಲಿನ ಕೈದಿಗಳು. ಕಸುಬು ಕಲಿತದ್ದೂ ಜೈಲಿನಲ್ಲೇ. ಅವರನ್ನು ಕರೆತಂದವನು ಅದೇ ಜೈಲಿನ ಅಧೀಕ್ಷಕ. ಇದನ್ನು ಮೇಳವೆನ್ನಬೇಕೋ ಬೇರೇನೆನ್ನಬೇಕೋ! ವಿಚಿತ್ರವೆಂದರೆ, ವಿಕ್ಟೋರಿಯಾ ರಾಣಿ ಆಸ್ಟ್ರಿಯಾದ ಕಲಾವಿದ ರುಡಾಲ್ಫ್ ಸ್ವೊಬೋಡಾನಿಂದ ಅವರಲ್ಲಿ ಕೆಲವರ ಚಿತ್ರ ಬರೆಸಿದಳು. ನೂರು ದಾಟಿದವನೆಂದು ಹೇಳಲಾದ ಕುಂಬಾರ ಬಕ್ಷೀರಾಮನ ಮುಖ, ಹೆಸರು ಎರಡೂ ಉಳಿದದ್ದು ಹಾಗೆ. ಅವನ ಮಡಕೆಗಳಿಂದಲ್ಲ, ರಾಣಿಯ ಗೋಡೆಯಿಂದ.

ಸ್ವಾತಂತ್ರ್ಯಾನಂತರ ಈ ರೀತಿಯನ್ನು ಬದಲಿಸಿದವರಲ್ಲಿ ಮುಖ್ಯರಾದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಅವರು ಕುಶಲಕರ್ಮಿಯನ್ನು ಕಲಾವಿದನೆಂದೇ ಕಂಡರು. 1965ರಿಂದ ಹೆಸರು ಹಿಡಿದು ರಾಷ್ಟ್ರೀಯ ಪ್ರಶಸ್ತಿ ನೀಡುವುದು ಆರಂಭವಾಯಿತು. ಮುಂದೆ 1987ರಲ್ಲಿ ಸೂರಜ್‌ಕುಂಡ್ ಮೇಳ, 1994ರಲ್ಲಿ ದಿಲ್ಲಿ ಹಾಟ್ ಬಂದವು. ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗೆ ಹದಿನೈದು ದಿನಗಳ ಮಟ್ಟಿಗೆ ಮಳಿಗೆ, ಬಳಿಕ ಅದು ಇನ್ನೊಬ್ಬರಿಗೆ. ದಲ್ಲಾಳಿಯನ್ನು ದೂರವಿಡುವುದೇ ಅದರ ಉದ್ದೇಶ.

ಮಾಡಿದವನೇ ಎದುರಿಗಿದ್ದರೆ ಲಾಭ ನಮಗೂ ಇದೆ. ಬಿದರಿಯ ಕಪ್ಪು ಬಣ್ಣ ಬಳಿದದ್ದೆಂದು ತಿಳಿದವರೇ ಹೆಚ್ಚು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಬಳ್ಳಿ ಹೂ ಬಿಡಿಸಿ ಉಳಿಯಿಂದ ಕೊರೆಯುತ್ತಾರೆ. ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರು. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಷ್ಟು ಕೇಳಿದ ಮೇಲೂ ಅರ್ಧ ಬೆಲೆಗೆ ಕೇಳಲು ಸ್ವಲ್ಪ ಗಟ್ಟಿ ಮನಸ್ಸೇ ಬೇಕು.

2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದು ಕಾಯುವುದು ಊರಿನ ಹೆಸರನ್ನು. 2023ರಲ್ಲಿ ಬೀದರ್‌ನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಬಿದರಿಯ ಜೊತೆ ಒಬ್ಬ ಮನುಷ್ಯನ ಹೆಸರೂ ದೇಶದ ಕಿವಿಗೆ ಬಿತ್ತು. ಉಳಿದವರು ಮೇಳದಿಂದ ಮೇಳಕ್ಕೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದಾರೆ. ಮಳಿಗೆಯಲ್ಲಿ ಕುಳಿತ ಹದಿನೈದು ದಿನ ಊರಿನಲ್ಲಿ ಅವರ ಉಳಿ ಸುತ್ತಿಗೆಗಳಿಗೆ ಬಿಡುವು. ಆ ದಿನಗಳ ಕೂಲಿಯೂ ಮಾರಾಟದಿಂದಲೇ ಹುಟ್ಟಬೇಕು.