ಹಳೇ ಫೋಟೋದಲ್ಲಿ ಎಷ್ಟು ಜನ? (ನಮ್ಮೂರ ಕಥೆ, ಭಾಗ 6)

ಮೊದಲನೇ ಫೋಟೋ ಝೂಮ್ ಮಾಡಿ ಎಣಿಸಿ. ಅಜ್ಜಿಯ ತವರುಮನೆ ಅಂಗಳ, ಎನ್.ಆರ್.ಪುರದಿಂದ ಸ್ವಲ್ಪ ಒಳಗೆ. ಮಕ್ಕಳು ಆರು. ಎರಡನೇ ಫೋಟೋದಲ್ಲಿ ಅಪ್ಪ ಅಮ್ಮನ ಮಧ್ಯೆ ನಾನೊಬ್ಳೇ.

ಹೋದ ವಾರ ಒಂದು ಮದುವೆಮನೇಲಿ ಪಂಕ್ತಿಗೆ ಕೂತಾಗ ಹಿರಿಯರೊಬ್ರು ಅಮ್ಮನಿಗೆ ಎಲ್ಲರೆದುರೇ ಅಂದ್ರು: "ಆಗಿನೋರು ಹತ್ತು ಹೆತ್ತು ಸಾಕಿದ್ರು. ನಿಮಗೆ ಒಂದಕ್ಕೇ ಸಾಕಾಯ್ತಾ?" ಅಮ್ಮ ನಕ್ಕು ಸುಮ್ಮನಾದ್ರು. ನನಗೆ ಪಾಯಸ ಗಂಟಲಲ್ಲಿ ಇಳೀಲಿಲ್ಲ. ಮನೆಗೆ ಬಂದು ಅಜ್ಜಿಗೆ ಈ ಫೋಟೋ ತೋರಿಸಿ, ನೀವು ಆರು ಜನಾನಾ ಅಂತ ಕೇಳಿದೆ.

"ಇವರು ಉಳಿದವರು ಮಾರಾಯ್ತಿ. ಅಮ್ಮ ಹೆತ್ತಿದ್ದು ಹನ್ನೊಂದು."

ಉಳಿದ ಐವರಲ್ಲಿ ಹೆಚ್ಚಿನವರನ್ನ ತಗೊಂಡು ಹೋಗಿದ್ದು ಚಳಿಜ್ವರ, ಅಂದ್ರೆ ಮಲೇರಿಯಾ. ಹೊಟ್ಟೆಯ ಎಡಗಡೆ ಜ್ವರಗಡ್ಡೆ ಊದಿಕೊಂಡ ಮಕ್ಕಳು ಆಗ ಪ್ರತಿ ಕೇರಿಯಲ್ಲೂ ಇರ್ತಿದ್ವಂತೆ. ಬಯಲುಸೀಮೆಯವರು ಈ ಕಡೆ ಹೆಣ್ಣು ಕೊಡೋಕೆ ಹೆದರ್ತಿದ್ರು ಅಂತಾನೂ ಅಜ್ಜಿ ಹೇಳ್ತಾರೆ.

ಇದು ಬರೀ ಒಂದು ಮನೆಯ ಕಥೆ ಅಲ್ಲ. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು. 1901ರಲ್ಲಿ ಇಲ್ಲಿ ಸುಮಾರು 3 ಲಕ್ಷ 62 ಸಾವಿರ ಜನ ಇದ್ದರು. 1911ರ ಗಣತಿಗೆ ಅದು ಸುಮಾರು 3 ಲಕ್ಷ 38 ಸಾವಿರಕ್ಕೆ ಇಳಿಯಿತು. ಪ್ಲೇಗೂ ಇತ್ತು, ಮಲೇರಿಯಾವೂ ಇತ್ತು. ಮಲೆನಾಡು ಖಾಲಿಯಾಗ್ತಿದೆ ಅನ್ನೋ ಚಿಂತೆಯಿಂದಲೇ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡು ಸುಧಾರಣೆಯ ಯೋಜನೆ ಶುರುವಾಗಿದ್ದು. (ಎಡೇಹಳ್ಳಿ ಅಂತಿದ್ದ ನಮ್ಮೂರಿಗೆ ಯುವರಾಜರ ಹೆಸರು ಬಂದಿದ್ದೂ ಅದೇ ಕಾಲದಲ್ಲಿ, 1915ರಲ್ಲಿ.)

ಈಗ ತಮಾಷೆ ನೋಡಿ. ಅದೇ ಮೈಸೂರು ಸರ್ಕಾರ 1930ರಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಮಾಡ್ತು. ಪ್ರಪಂಚದಲ್ಲೇ ಸರ್ಕಾರ ನಡೆಸಿದ ಮೊದಲ ಕ್ಲಿನಿಕ್‌ಗಳು ಅವು ಅಂತಾರೆ. ಅಲ್ಲಿ ಕಮ್ಮಿ ಹೆರೋದು ಹೇಗೆ ಅಂತ ಹೇಳಿಕೊಡ್ತಿದ್ರೆ, ಇಲ್ಲಿ ನನ್ನ ಮುತ್ತಜ್ಜಿ ಹೆತ್ತಿದ್ದರಲ್ಲಿ ಯಾವುದು ಉಳಿಯುತ್ತೆ ಅಂತ ಕಾಯ್ತಿದ್ದಳು. ಒಂದೇ ಮಗು ಸಾಕು ಅಂದುಕೊಳ್ಳೋ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು?

ಕುಟುಂಬ ಯೋಜನೆ ದೇಶದ ಕಾರ್ಯಕ್ರಮ ಆಗಿದ್ದು 1952ರಲ್ಲಿ. ಮರುವರ್ಷವೇ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಬಂತು, ಮನೆ ಮನೆ ಗೋಡೆಗೆ ಡಿಡಿಟಿ ಹೊಡೆದರು. ಕೆಂಪು ತ್ರಿಕೋನಕ್ಕಿಂತ ಆ ಡಿಡಿಟಿಯೇ ನಮ್ಮ ಕಡೆ ಸಂಸಾರ ಚಿಕ್ಕದು ಮಾಡಿದ್ದು ಅಂತ ನನಗನಿಸುತ್ತೆ. ಅಜ್ಜಿಗೆ ಐದು ಮಕ್ಕಳು, ಐದೂ ಉಳಿದವು. ಅಷ್ಟೇ ಅಡಿಕೆ ತೋಟ ಐದು ಪಾಲಾಯ್ತು. ಆ ಪಾಲಿನ ಜಗಳ ಕಣ್ಣಾರೆ ನೋಡಿದ ಅಪ್ಪ ಒಂದಕ್ಕೇ ನಿಲ್ಲಿಸಿದರು.

ಒಬ್ಳೇ ಆಗಿರೋದು ಆರಾಮ ಅಂತ ಹೇಳ್ತಿಲ್ಲ. 2011ರ ಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಮತ್ತೆ ಇಳಿದಿತ್ತು: 11,40,905ರಿಂದ 11,37,961ಕ್ಕೆ. ಈ ಸಲ ಸತ್ತು ಅಲ್ಲ. ಕಮ್ಮಿ ಹುಟ್ಟಿ, ಹುಟ್ಟಿದವರೂ ಬಸ್ ಹತ್ತಿ. ಮುಂದಿನ ವರ್ಷ ನಾನೂ ಹತ್ತಬೇಕು. ಕೊನೆ ಕೊಯ್ಲಿನ ಹೊತ್ತಿಗೆ ಮನೇಲಿ ಯಾರಿರ್ತಾರೆ ಅನ್ನೋ ಪ್ರಶ್ನೆಗೆ ನಮ್ಮನೇಲಿ ಯಾರೂ ಜೋರಾಗಿ ಉತ್ತರ ಹೇಳಲ್ಲ.

ಮೂರನೇ ಫೋಟೋ ನನ್ನ ನೋಟ್‌ಬುಕ್ಕಿನ ಪುಟ. ಅಜ್ಜಿ ಹೇಳಿದಂತೆ ಹನ್ನೊಂದು ಜನರ ಪಟ್ಟಿ ಬರೆದೆ. ಒಂಬತ್ತು ಹೆಸರು ಬಂತು. ಇನ್ನೆರಡಕ್ಕೆ ಹೆಸರಿಡೋ ಮುಂಚೆಯೇ ಹೋದವಂತೆ.

ನಿಮ್ಮನೇಲೂ ಇಂಥ ಫೋಟೋ ಇದ್ರೆ ಅಜ್ಜಿ ಹತ್ರ ಕೂತು ಎಣಿಸಿ, ನನಗೆ ಡಿಎಂ ಮಾಡಿ. ಮುಂದಿನ ಭಾಗ ಭದ್ರಾ ಹಿನ್ನೀರಿನದು.